ಮುಳುಗುಗಾರರ ಚೂರಿ ಮತ್ತು ನಮ್ಮ ಸೋದರಮಾವ

ನನ್ನ ಸಿಟ್ಟು ಬೇಗ ಬರುವಂಥದ್ದಲ್ಲ. ಬಂದರೆ ಮಾತ್ರ ಮನೆ ಕಟ್ಟಿಕೊಂಡು ಕೂತುಬಿಡುತ್ತದೆ. ಸೋದರಮಾವನ ಮೇಲಿನ ಸಿಟ್ಟನ್ನು ನಾನು ತುಳಸಿಗಿಡದಂತೆ ದಿನಾ ನೀರು ಹಾಕಿ ಸಾಕಿದೆ. ಕ್ಷಮಿಸಿಬಿಡು, ಮನಸ್ಸು ಹಗುರಾಗುತ್ತದೆ ಎಂದು ಬುದ್ಧಿ ಹೇಳಿದವರು ಬಹಳ ಜನ. ನನ್ನ ಮನಸ್ಸು ಹಗುರಾಗುವುದು ನನಗೆ ಬೇಕಿರಲಿಲ್ಲ. ನನ್ನ ತಮ್ಮನ ಬಗ್ಗೆ ಮಾವ ಆಡಿದ ಒಂದು ಮಾತನ್ನು ಅವನ ಬಾಯಿಂದಲೇ ವಾಪಸು ತೆಗೆಸಬೇಕಿತ್ತು, ಅಷ್ಟೇ.

ನಾವು ಹೊಳೆಯ ಮಂದಿ. ಕಂಪ್ಲಿಯಲ್ಲಿ ತುಂಗಭದ್ರೆಯ ದಂಡೆಗೆ ನಮ್ಮ ಮನೆ. ಅಪ್ಪ ಮೀನು ಹಿಡಿಯುತ್ತಿದ್ದ, ಹರಿಗೋಲು ಹಾಕುತ್ತಿದ್ದ, ಯಾರಾದರೂ ಮುಳುಗಿ ಸತ್ತರೆ ನೀರಿಗಿಳಿದು ಹೆಣ ತೆಗೆದುಕೊಡುತ್ತಿದ್ದ. ಅಪ್ಪ ಹೋದ ಮೇಲೆ ಆ ಕೆಲಸ ತಮ್ಮನ ಪಾಲಿಗೆ ಬಂತು. ನಾನು ಓದಿಕೊಂಡು, ಕುರೆಕುಪ್ಪದ ಹತ್ತಿರ ಒಂದು ಕಾರ್ಖಾನೆಯ ಪ್ರಯೋಗಾಲಯ ಸೇರಿದೆ. ಉಕ್ಕಿನ ತುಂಡುಗಳನ್ನು ಕೊಯ್ದು, ತಿಕ್ಕಿ, ಗಟ್ಟಿಯೋ ಟೊಳ್ಳೋ ನೋಡುವುದು ನನ್ನ ಕೆಲಸ. ತಮ್ಮನ ಕೆಲಸದ ಮುಂದೆ ಅದು ಏನೂ ಅಲ್ಲ. ಹಂಪಿಯಲ್ಲಿ ಫೋಟೋ ತೆಗೆಸಿಕೊಳ್ಳಲು ಹೋಗಿ ಯಾರಾದರೂ ಬಂಡೆಯಿಂದ ಹೊಳೆಗೆ ಜಾರಿದರೂ ಅವನಿಗೇ ಫೋನು ಬರುತ್ತಿತ್ತು. ಹೆಣವನ್ನು ದಂಡೆಗೆ ತಂದು ಮಲಗಿಸಿದಾಗ ಸತ್ತವರ ತಾಯಂದಿರು ಅವನ ಒದ್ದೆ ಕೈ ಹಿಡಿದುಕೊಂಡು ಅಳುತ್ತಿದ್ದರು. ಊರಲ್ಲಿ ಅವನಿಗಿದ್ದ ಮರ್ಯಾದೆ ಅದೊಂದೇ.

ಮಾವ ಎಂದರೆ ಅವ್ವನ ಅಣ್ಣ. ಅವನೂ ಅದೇ ದಂಡೆಯಲ್ಲಿ ಹುಟ್ಟಿ, ಅದೇ ನೀರಲ್ಲಿ ಈಜು ಕಲಿತವನು. ಆಮೇಲೆ ಹೊಸಪೇಟೆಗೆ ಹೋಗಿ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟ. ಸಂಡೂರಿನ ಗುಡ್ಡ ಹತ್ತಲು, ಹಂಪಿಯ ಬಂಡೆ ಹತ್ತಲು ಬರುವ ಹುಡುಗರಿಗೆ ಬ್ಯಾಗು, ಹಗ್ಗ, ಟಾರ್ಚು, ಬೂಟು ಮಾರುತ್ತಾನೆ. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಆ ಬಾಯಿ ಮಾವನದು. ಅವನ ಅಂಗಡಿಯಲ್ಲಿ ಬರೀ ಕೊಡೆ ಎನ್ನುವುದು ಇರಲೇ ಇಲ್ಲ. ಇದ್ದದ್ದು ಸಿಯಾಚಿನ್ ಸೈನಿಕರ ಕೊಡೆ.

ಒಂದು ದಸರೆಗೆ ಮಾವ ನಮ್ಮ ಮನೆಗೆ ಬಂದಾಗ ಕರಿ ಡಬ್ಬಿಯೊಂದನ್ನು ತಂದ. ಒಳಗೆ ಮೊಳಕೈ ಉದ್ದದ ಚೂರಿ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಗೆ ದಿಕ್ಸೂಚಿ, ಕಾಲಿಗೆ ಕಟ್ಟಿಕೊಳ್ಳಲು ಪಟ್ಟಿ. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ, ಸೇನೆಯ ಆಯ್ದ ಮುಳುಗುಗಾರರಿಗಾಗಿ ವಿನ್ಯಾಸಗೊಳಿಸಿದ್ದು ಎಂದು ಅಚ್ಚಾಗಿತ್ತು.

"ನೌಕಾಪಡಿ ಕಮಾಂಡೋಗಳು ಸಮುದ್ರದ ತಳಕ್ಕ ಇಳೀತಾರಲ್ಲ, ಅವ್ರಿಗಂತನ ಮಾಡಿದ್ದು ಲೇ ಇದು" ಎಂದು ಮಾವ ತಮ್ಮನ ಕೈಗೆ ಕೊಟ್ಟ. "ನಿಮ್ಮಪ್ಪನ ಆ ಜಂಗು ಹಿಡಿದ ಕುಡುಗೋಲು ಗೂಟಕ್ಕ ಹಾಕು ಇನ್ನ. ನೋಡಿದವ್ರು ನಗ್ತಾರ."

ತಮ್ಮನ ಮುಖ ಅರಳಿತು. ಅಪ್ಪನ ಕುಡುಗೋಲನ್ನು ಅವತ್ತೇ ಗೂಟಕ್ಕೆ ಹಾಕಿದ.

ಇಲ್ಲಿ ನಮ್ಮ ಪದ್ಧತಿಯೊಂದನ್ನು ಹೇಳಬೇಕು. ಹೆಣ ತೆಗೆಯಲು ಹೋಗುವ ಆಯುಧವನ್ನು ಮನೆಯಲ್ಲಿ ಯಾವುದಕ್ಕೂ ತಾಗಿಸುವಂತಿಲ್ಲ. ಒಂದು ಬದನೆಕಾಯಿ ಕೊಯ್ಯುವಂತಿಲ್ಲ, ದನದ ಹಗ್ಗ ಕತ್ತರಿಸುವಂತಿಲ್ಲ. ಅದು ಗಂಗಮ್ಮನದು, ನೀರೊಳಗೇ ಕೆಲಸ ಮಾಡಬೇಕು. ಅಪ್ಪನ ಕುಡುಗೋಲಿಗೆ ಇದರಿಂದ ತೊಂದರೆಯಾಗಿರಲಿಲ್ಲ, ಅದರ ಗುಣ ಅಜ್ಜನ ಕಾಲದಿಂದ ಗೊತ್ತಿದ್ದದ್ದೇ. ಹೊಸ ಚೂರಿಯನ್ನು ಮಾತ್ರ ಯಾರೂ ಒಂದು ಸಲವೂ ಪರೀಕ್ಷೆ ಮಾಡಲಿಲ್ಲ. ತಮ್ಮ ಅದನ್ನು ಜಗಲಿಯ ಮೇಲೆ ದೇವರ ಪಕ್ಕ ಇಟ್ಟು, ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಆಯುಧಪೂಜೆಗೆ ನಿಂಬೆಹೋಳು ಇಟ್ಟು, ಹೂವು ಏರಿಸಿ ಕೈ ಮುಗಿದ. ದಿನಾ ಉಕ್ಕು ಕೊಯ್ಯುವ ನಾನು ಕೂಡ ಮುಗಿದೆ. ಹೀಗೆ ಒಂದು ಸುಳ್ಳು ನಮ್ಮ ಮನೆಯಲ್ಲಿ ಊದಿನಕಡ್ಡಿಯ ಹೊಗೆ ಕುಡಿಯುತ್ತ ಆರಾಮಾಗಿ ಇತ್ತು. ನಡುವೆ ಒಂದೆರಡು ಹೆಣ ಬಂದವು. ಕತ್ತರಿಸುವಂಥದ್ದೇನೂ ಇರಲಿಲ್ಲ, ಸುಮ್ಮನೆ ಎತ್ತಿಕೊಂಡು ಬಂದ.

ಮಾರನೆಯ ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಸ್ನಾನಕ್ಕಿಳಿದ ಒಬ್ಬ ಯುವಕ ಕಂಪ್ಲಿಯ ಸೇತುವೆಯ ಕೆಳಗೆ ಮುಳುಗಿದ. ತಮ್ಮ ಇಳಿದ. ಯಾರೋ ಬಿಟ್ಟುಹೋದ ಹಳೆಯ ಬಲೆಯೊಂದು ತಳದಲ್ಲಿ ಹೆಣವನ್ನು ಸುತ್ತಿಕೊಂಡಿತ್ತು, ಬಿಡಿಸಲು ಹೋದವನ ಕಾಲನ್ನೂ ಸುತ್ತಿಕೊಂಡಿತು. ಚೂರಿ ತೆಗೆದು ಬಲೆಗೆ ಹಾಕಿ ಜಗ್ಗಿದ್ದಾನೆ. ಅಲಗು ಬಲೆಯಲ್ಲೇ ಉಳಿಯಿತು, ಹಿಡಿ ಮಾತ್ರ ಕೈಗೆ ಬಂತು. ಹರಿಗೋಲಿನಲ್ಲಿದ್ದವರು ಸೊಂಟದ ಹಗ್ಗ ಹಿಡಿದು ಬಲೆಸಮೇತ ಎಳೆದುಕೊಳ್ಳುವಷ್ಟರಲ್ಲಿ ಸೆಳೆತ ಅವನನ್ನು ಸೇತುವೆಯ ಕಂಬಕ್ಕೆ ಹೊಡೆದಿತ್ತು. ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಹಿಡಿಯನ್ನು ಅವನು ಆಗಲೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದ.

ಜೀವ ಉಳಿಯಿತು. ಎಡಗಿವಿ ಹೋಯಿತು. ಎದೆಮಟ್ಟ ನೀರಿಗಿಳಿದರೆ ತಲೆ ಗಿರ್ರನೆ ತಿರುಗುತ್ತದೆ. ಇನ್ನು ಹೊಳೆ ಮರೆತುಬಿಡು ಎಂದರು ವೈದ್ಯರು.

ಮಾವ ಆಸ್ಪತ್ರೆಗೆ ಬಂದ. ಸೇಬು ತಂದಿದ್ದ. ಹರಿಗೋಲಿನವರು, ನೆಂಟರು, ಓಣಿಯ ಮಂದಿ ಎಲ್ಲ ಸುತ್ತ ನಿಂತಿದ್ದರು. ಅವ್ವ ಹಿಡಿಯನ್ನು ತೋರಿಸಿ, "ನೋಡಣ್ಣಾ, ಹಿಂಗಾತು" ಎಂದಳು. ಮಾವ ಅದನ್ನು ಮುಟ್ಟಲೂ ಇಲ್ಲ.

"ಕಮಾಂಡೋಗಳ ಸಾಮಾನವ್ವಾ ಅದು. ಹಿಡಿಯಾಕ ಟ್ರೇನಿಂಗ್ ಬೇಕಾಕ್ಕತಿ. ಇಂವ ಗಾಬರಿ ಬಿದ್ದಾನ, ಅಡ್ಡಾದಿಡ್ಡಿ ಜಗ್ಗ್ಯಾನ. ಮ್ಯಾಲ ನಿಂಬಿಹಣ್ಣು, ಕುಂಕುಮ ಹಚ್ಚಿ ಜಂಗು ಹಿಡಿಸ್ಯಾನ. ಚೂರಿ ಏನು ಮಾಡೀತು?"

ನನ್ನ ತಮ್ಮ ಮಲಗಿದಲ್ಲೇ ಗೋಡೆಯ ಕಡೆ ತಿರುಗಿದ. ಹಡೆದವಳಿಗೆ ಹೆಣ ತಂದುಕೊಡುವಾಗಲೂ ಕೈ ನಡುಗದವನು ಗಾಬರಿ ಬಿದ್ದನಂತೆ. ಈ ಮಾತು ಆಸ್ಪತ್ರೆಯಿಂದ ನಮಗಿಂತ ಮೊದಲೇ ಊರು ಸೇರಿತು. ಚಹದಂಗಡಿಯಲ್ಲಿ, ಕಟ್ಟೆಯ ಮೇಲೆ, ನೀರಿನ ದಂಡೆಯಲ್ಲಿ ಅದೇ ಮಾತು. ಹೊಳೆ ಹೋದದ್ದನ್ನು ತಮ್ಮ ಹೇಗೋ ಸಹಿಸಿಕೊಂಡ. ಗಾಬರಿಬಿದ್ದವನು ಎಂಬ ಹೆಸರು ಹೊತ್ತು ದಂಡೆಯ ಕಡೆ ನಡೆಯಲು ಅವನಿಂದ ಆಗಲಿಲ್ಲ. ಮನೆ ಬಿಟ್ಟು ಹೊರಬರುವುದನ್ನೇ ನಿಲ್ಲಿಸಿದ. ನನಗೆ ಮಾವನನ್ನು ಕೊಲ್ಲುವಷ್ಟು ಸಿಟ್ಟು ಬಂತು, ಮತ್ತು ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹಿಡಿಯನ್ನು ಪ್ರಯೋಗಾಲಯಕ್ಕೆ ಒಯ್ದು ಉದ್ದುದ್ದ ಕೊಯ್ದೆ. ಟೊಳ್ಳು. ಅಲಗಿನ ಬಾಲ ಒಳಗೆ ಹೋಗಿದ್ದದ್ದು ಹೆಬ್ಬೆರಳಿನ ಉಗುರಿನಷ್ಟು, ಅದನ್ನು ಅಂಟು ಹಾಕಿ ಕೂರಿಸಿದ್ದರು. ಕೈತೋಟದ ಕಳೆ ತೆಗೆಯುವ ಕುರ್ಚಿಗೆಗೂ ನಮ್ಮ ಕಮ್ಮಾರ ಇದಕ್ಕಿಂತ ಉದ್ದ ಬಾಲ ಬಿಡುತ್ತಾನೆ. ಉಳಿದ ಟೊಳ್ಳಿನಲ್ಲಿ ಒಂದು ಗಾಳ, ಒಂದಿಷ್ಟು ದಾರ, ಜೊತೆಗೆ ಬೆಂಕಿಕಡ್ಡಿ. ಮುಳುಗುಗಾರನಿಗೆ ಬೆಂಕಿಕಡ್ಡಿ! ನೀರಿನ ತಳದಲ್ಲಿ ಬೀಡಿ ಹಚ್ಚುವ ಆ ಆಯ್ದ ಸೈನಿಕರು ಯಾರಿರಬಹುದು ಎಂದು ನಾನು ಒಬ್ಬಳೇ ಕೂತು ನಕ್ಕೆ. ಆಮೇಲೆ ಅತ್ತೆ.

ಫೋನಿನಲ್ಲಿ ಹುಡುಕಿದೆ. ಅದೇ ಚೂರಿ, ಅದೇ ಹಲ್ಲು, ಅದೇ ದಿಕ್ಸೂಚಿ. ಒಂದು ಕಡೆ ಮರುಭೂಮಿಯ ಯೋಧರಿಗಾಗಿ, ಇನ್ನೊಂದು ಕಡೆ ಕಾಡಿನ ಬೇಟೆಗಾರರಿಗಾಗಿ, ಮತ್ತೊಂದು ಕಡೆ ಹಿಮಪರ್ವತ ಏರುವವರಿಗಾಗಿ. ಯಾವ ದೇಶದ ಸೇನೆ, ಯಾವ ಪಡೆ, ವಿನ್ಯಾಸ ಮಾಡಿದವರು ಯಾರು, ಎಲ್ಲೂ ಇಲ್ಲ. ಎಲ್ಲೋ ಯಾವುದೋ ಸೇನೆಗೆ ಯಾರೋ ಪುಣ್ಯಾತ್ಮರು ಅಸಲಿ ಚೂರಿ ಮಾಡಿರಬಹುದು, ನಾನು ಇಲ್ಲ ಎನ್ನುವುದಿಲ್ಲ. ಇದು ಅದರ ಫೋಟೋ ನೋಡಿ ಹುಟ್ಟಿದ್ದು. ಜಂಗಿನ ಮಾತಂತೂ ಇನ್ನೂ ಚಂದ. ಸಮುದ್ರದ ಉಪ್ಪು ತಿಂದು ಬದುಕಬೇಕಾದ ಚೂರಿ ಒಂದು ಹೋಳು ನಿಂಬೆಹಣ್ಣಿಗೆ ಸತ್ತಿತಂತೆ.

ಇದನ್ನೆಲ್ಲ ಹೇಳಿದರೆ ಮಾವ ಕೇಳುವವನಲ್ಲ. ಪ್ರಯೋಗಾಲಯದ ಕಾಗದ ತೋರಿಸಿದರೆ ಕಾಗದ ಸುಳ್ಳು ಎನ್ನುತ್ತಾನೆ. ಆದ್ದರಿಂದ ನಾನು ಯಾರಿಗೂ ಏನೂ ಹೇಳದೆ ಆಯುಧಪೂಜೆಯ ದಿನಕ್ಕಾಗಿ ಕಾದೆ.

ಮಾವನ ಅಂಗಡಿಯ ಆಯುಧಪೂಜೆ ಎಂದರೆ ಆ ಸಾಲಿನ ವ್ಯಾಪಾರಸ್ಥರೆಲ್ಲ ಬರುತ್ತಾರೆ. ಆಸ್ಪತ್ರೆಯಲ್ಲಿ ಆ ಮಾತು ಕೇಳಿದ್ದ ನೆಂಟರೂ ಇದ್ದರು. ಸಾಮಾನುಗಳಿಗೆಲ್ಲ ಹೂವು, ಬಾಗಿಲಿಗೆ ಬಾಳೆಕಂದು. ಮಂಗಳಾರತಿ ಮುಗಿದು, ದೃಷ್ಟಿ ತೆಗೆಯಲು ಮಾವ ಬೂದಗುಂಬಳಕಾಯಿ ತಂದು ಹೊಸ್ತಿಲ ಮುಂದೆ ಇಟ್ಟ. ಅದರ ಮೇಲೆ ಕರ್ಪೂರ ಹಚ್ಚಿ ನಿವಾಳಿಸಿ, ಮಚ್ಚಿಗೆ ಕೈ ಚಾಚಿದ. ಎದುರಿನ ಎಳನೀರಿನವನಿಂದ ಇಸಿದುಕೊಂಡ ಮಚ್ಚು ಪಕ್ಕದಲ್ಲಿ ಸಿದ್ಧವಾಗಿತ್ತು.

ನನಗೆ ಬೇಕಿದ್ದದ್ದು ಅದೇ.

"ಮಾವಾ, ಮಚ್ಚು ಯಾಕ್ರಿ?" ಎಂದೆ ನಗುತ್ತ. "ಅಂಗಡಿ ತುಂಬ ಕಮಾಂಡೋ ಚೂರಿ ಅದಾವಲ್ಲ. ಅದರಿಂದನ ಹೊಡೀರಿ, ನಾಕು ಮಂದಿ ನೋಡ್ಲಿ."

"ಪೂಜಿಗೆ ಇಟ್ಟಿದ್ದು ಎತ್ತಬಾರದವ್ವಾ" ಎಂದ.

"ಪೂಜಿದು ಬ್ಯಾಡ್ರಿ. ಶೆಲ್ಫಿನ್ಯಾಗ ಇನ್ನ ಬಿಚ್ಚದ ಡಬ್ಬಿ ಅದಾವು." ನಾನೇ ಒಂದು ಕರಿ ಡಬ್ಬಿ ಇಳಿಸಿ, ಬಿಚ್ಚಿ, ಚೂರಿಯನ್ನು ಅವನ ಕೈಗೆ ಕೊಟ್ಟೆ. "ಇದಕ್ಕ ನಿಂಬಿಹಣ್ಣು ಹಚ್ಚಿಲ್ಲ. ನಿಮಗ ಟ್ರೇನಿಂಗೂ ಐತಿ. ಗಾಬರಿ ಬೀಳ್ಬ್ಯಾಡ್ರಿ ಮತ್ತ."

ವ್ಯಾಪಾರಸ್ಥರು ನಕ್ಕರು. ಅವರಿಗೆ ತಮಾಷೆ. ಮಾವ ನಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ ಎಂಬ ಗಾದೆ ಕೇಳಿದ್ದೆ, ಅವತ್ತು ಕಣ್ಣಾರೆ ನೋಡಿದೆ. ಅವನ ಕೈ ಮತ್ತೆ ಮಚ್ಚಿನ ಕಡೆಗೇ ಹೋಗುತ್ತಿತ್ತು. ಆಗ ನನಗೆ ಪೂರ್ತಿ ಗೊತ್ತಾಯಿತು. ಅವನಿಗೆ ಮೊದಲಿಂದಲೂ ತಿಳಿದಿತ್ತು. ಒಂದು ಕುಂಬಳಕಾಯಿಯನ್ನೂ ಆ ಚೂರಿಗೆ ನಂಬಿ ಕೊಡಲು ತಯಾರಿಲ್ಲದವನು ನನ್ನ ತಮ್ಮನನ್ನು ಕೊಟ್ಟಿದ್ದ. ಬಲೆ ಕಾಲಿಗೆ ಸುತ್ತಿದರೆ ಏನಾಗುತ್ತದೆ ಎಂದು ಹೊಳೆಯಲ್ಲಿ ಬೆಳೆದ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಹೊಡೀರಿ ಸಾಹುಕಾರ್ರ, ಕರ್ಪೂರ ಆರಾಕತ್ತೈತಿ" ಎಂದು ಪಕ್ಕದ ಪಾತ್ರೆ ಅಂಗಡಿಯವರು ಅವಸರ ಮಾಡಿದರು. ಹೊಡೆಯದಿದ್ದರೆ ಚೂರಿ ಸುಳ್ಳು ಎಂದು ಒಪ್ಪಿದಂತೆ. ಹೊಡೆದು ಕಾಯಿ ಒಡೆಯದಿದ್ದರೆ ಅಪಶಕುನ. ಮಾವ ಕಣ್ಣು ಮುಚ್ಚಿ ಹೊಡೆದ. ಅಲಗು ಅರ್ಧ ಇಳಿದು ಸಿಕ್ಕಿಕೊಂಡಿತು. ಜಗ್ಗಿದ. ಹಿಡಿ ಕೈಗೆ ಬಂತು, ಅಲಗು ಕಾಯಿಯಲ್ಲೇ ನಿಂತಿತು. ಹಿಡಿಯೊಳಗಿನ ಬೆಂಕಿಕಡ್ಡಿಗಳು ಹೊಸ್ತಿಲ ಕುಂಕುಮದ ಮೇಲೆ ಚೆಲ್ಲಿಕೊಂಡವು.

ಪಾತ್ರೆ ಅಂಗಡಿಯವರು ಶಿವಶಿವಾ ಎಂದು ಗಲ್ಲ ಬಡಿದುಕೊಂಡರು.

"ಮಾವ ಗಾಬರಿ ಬಿದ್ದಾರ" ಎಂದೆ ನಾನು, ಎಲ್ಲರಿಗೂ ಕೇಳುವಂತೆ.

ಆ ಕ್ಷಣದ ರುಚಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಹೋಳಿಗೆ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದೆ. ನಾನು ಕಂಪ್ಲಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸಂಜೆ ತಮ್ಮ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. ಅವ್ವ ಮಾತ್ರ ನನ್ನ ಮುಖ ನೋಡದೆ ರೊಟ್ಟಿ ಬಡಿದಳು. "ನನಗ ತವರು ಅಂತ ಇದ್ದಿದ್ದು ಅವನೊಬ್ನವ್ವಾ" ಎಂದಳು, ತಟ್ಟೆ ಮುಂದಿಡುವಾಗ.

ಮರುದಿನ ಬನ್ನಿ ಹಬ್ಬ. ನಮ್ಮ ಕಡೆ ಅವತ್ತು ಸಂಜೆ ಬನ್ನಿಎಲೆ ಹಿಡಿದು ಮನೆಗೆ ಬಂದವರ ಜೊತೆ ಹಗೆ ಇಟ್ಟುಕೊಳ್ಳುವಂತಿಲ್ಲ, ಎಲೆ ಕೈಗಿಟ್ಟರೆ ಹಿಂದಿನದೆಲ್ಲ ಮುಗಿಯಿತು ಎಂದೇ ಲೆಕ್ಕ. ಮಾವ ಬಂದ. ಅವ್ವನೇ ಫೋನು ಮಾಡಿ ಕರೆಸಿದ್ದಳು. ಹಬ್ಬದ ಹೊತ್ತು, ಓಣಿಯವರೆಲ್ಲ ಬಾಗಿಲಲ್ಲಿದ್ದರು. ಮಾವ ಕಟ್ಟೆಯ ಮೇಲೆ ತಮ್ಮನ ಎಡಕ್ಕೆ ಕೂತು, ಅವನ ಕೈಗೆ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣಪಾ" ಎಂದ. ಆಮೇಲೆ ಬಗ್ಗಿ ಆ ಎಡಗಿವಿಯಲ್ಲಿ ಏನೋ ಪಿಸುಗುಟ್ಟಿದ. ಹೇಳಿಯೂ ಆಗಬೇಕು, ಯಾರಿಗೂ ಕೇಳಲೂಬಾರದು.

"ಮಾವಾ, ಆ ಕಿವಿ ನಿಮ್ಮ ಚೂರಿ ತಿಂದೈತಿ" ಎಂದೆ. "ಈ ಕಡಿ ಬರ್ರಿ."

ಎದ್ದು ಬಲಕ್ಕೆ ಬಂದ. "ಚೂರಿ ಖೋಟಾ ಇತ್ತಪಾ. ನಿಂದೇನೂ ತಪ್ಪಿಲ್ಲ" ಎಂದ, ಮೆಲ್ಲಗೆ.

ತಮ್ಮ ಕೈಯನ್ನು ಕಿವಿಗೆ ಅಡ್ಡ ಹಿಡಿದ. "ಏನಂದ್ರಿ ಮಾವಾ?"

ಮಾವ ದನಿ ಏರಿಸಿದ. ತಮ್ಮ ತಲೆ ಅಲ್ಲಾಡಿಸಿದ. "ಇನ್ನ ಸ್ವಲ್ಪ ಜೋರಾಗಿ ಹೇಳ್ರಿ."

ಆಗ ಮಾವ ಕೂಗಿದ. "ನನಗ ಗೊತ್ತಿತ್ತು, ಆ ಚೂರಿ ಖೋಟಾ ಅಂತ! ನೀ ಗಾಬರಿ ಬಿದ್ದಿಲ್ಲ!" ಓಣಿಯ ಬಾಗಿಲುಗಳೆಲ್ಲ ಕೇಳಿದವು. ಎದುರುಮನೆಯ ಮುದುಕಿಯೂ ಕೇಳಿ, ಒಳಗಿದ್ದ ಸೊಸೆಯನ್ನು ಹೊರಗೆ ಕರೆದಳು. ತಮ್ಮ ನಿಧಾನವಾಗಿ ಮಾವನ ಅಂಗೈಯಲ್ಲಿ ಎರಡು ಬನ್ನಿಎಲೆ ಇಟ್ಟು, ಪದ್ಧತಿಯಂತೆ ಕಾಲು ಮುಟ್ಟಿದ. ಮಾವ ಚಹಾ ಕುಡಿಯದೆ ಹೋದ.

ತಮ್ಮನ ಉಳಿದ ಕಿವಿಯೂ ಹೋಗುತ್ತಿದೆ ಎಂದುಕೊಂಡೆ. "ಬಲಗಿವೀನೂ ಮಂದ ಆಗೇತೇನೋ? ನಾಳೆ ಡಾಕ್ಟರ ಹಂತ್ಯಾಕ ಹೋಗೂಣು" ಎಂದೆ.

ತಮ್ಮ ಹೊಳೆಯ ಕಡೆ ನೋಡುತ್ತ ಕೂತಿದ್ದ. "ಏನೂ ಆಗಿಲ್ಲಕ್ಕಾ" ಎಂದ. "ಮೊದ್ಲು ಹೇಳಿದಾಗನ ಕೇಳ್ಸಿತ್ತು."