ಕ್ರೋಮ್ ಕೆಸರಿಗೊಂದು ಜಾಗ

1983ರಲ್ಲಿ ನಾನು ಮುಂಬಯಿ ಪಕ್ಕದ ಠಾಣೆ ಊರಿನಲ್ಲಿ ಫೀಲ್ಡ್ ಆಫೀಸರ್ ಆಗಿದ್ದೆ. ಕಾರ್ಖಾನೆಗಳು ಹೊರಗೆ ಬಿಡುವ ಕೊಳೆನೀರಿನ ಮೇಲೆ ನಿಗಾ ಇಡುವ ಸರ್ಕಾರಿ ಕಚೇರಿ ನಮ್ಮದು. ನೌಪಾಡಾದ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಠಾಣೆ, ಡೊಂಬಿವಲಿ, ಕಲ್ಯಾಣ, ಖಾಡಿ ಎನ್ನುವ ಕಡಲ ಹಿನ್ನೀರಿನಾಚೆಯ ನವಿ ಮುಂಬಯಿ, ಇಷ್ಟಕ್ಕೂ ಬೆರಳೆಣಿಕೆಯ ಅಧಿಕಾರಿಗಳು, ಒಂದೇ ಜೀಪು. ಜೀಪು ಸಿಗದ ದಿನ ಸ್ಯಾಂಪಲ್ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದೆ. ಧಾರವಾಡದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಓದಿ, ಮದುವೆಯಾಗಿ ಡೊಂಬಿವಲಿಗೆ ಬಂದವಳು ನಾನು. ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಸೀರೆಯಿಂದ ಬರುವ ಆ್ಯಸಿಡ್ ವಾಸನೆಗೆ ಪಕ್ಕದವರು ಸರಿದು ಕೂರುತ್ತಿದ್ದರು. ಮೊದಲು ನಾಚಿಕೆಯಾಗುತ್ತಿತ್ತು. ಆಮೇಲೆ ಕಾಲು ಚಾಚಲು ಜಾಗ ಸಿಕ್ಕಿತಲ್ಲ ಎಂದುಕೊಳ್ಳುವಷ್ಟು ದಣಿವು ಬಂದಿತ್ತು.

ನಮ್ಮ ಕೆಲಸದ ತಿರುಳು ಕನ್ಸೆಂಟ್. ಕಾರ್ಖಾನೆಯಿಂದ ನೀರು ಹೊರಗೆ ಬಿಡಬೇಕಾದರೆ ಮಾಲೀಕ ನಮ್ಮಿಂದ ಪಡೆಯಬೇಕಾದ ಒಪ್ಪಿಗೆ ಅದು. ಅರ್ಜಿ ಬಂದಮೇಲೆ ನಾವು ಸ್ಥಳಕ್ಕೆ ಹೋಗಿ ನೋಡಬೇಕು, ನೀರಿನ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸಬೇಕು, ಷರತ್ತು ಹಾಕಿ ಒಪ್ಪಿಗೆ ಕೊಡಬೇಕು, ಇಲ್ಲವೇ ನಿರಾಕರಿಸಬೇಕು. ಕಾರ್ಖಾನೆ ಏನು ತಯಾರಿಸುತ್ತದೆ ಎಂಬ ನೋಂದಣಿ ನಡೆಯುವುದು ಬೇರೆ ಇಲಾಖೆಯಲ್ಲಿ. ಅಲ್ಲಿ ಬರೆಸಿದ್ದು ಒಂದು, ಶೆಡ್ಡಿನೊಳಗೆ ನಡೆಯುವುದು ಇನ್ನೊಂದು ಆಗಿದ್ದರೆ ನಮ್ಮ ಒಪ್ಪಿಗೆಗೆ ಅರ್ಥವಿಲ್ಲ. ಕಾನೂನಿನಲ್ಲಿ ಇನ್ನೊಂದು ಮಾತೂ ಇತ್ತು. ಪೂರ್ತಿಯಾದ ಅರ್ಜಿ ಕೈಸೇರಿದ ನಾಲ್ಕು ತಿಂಗಳೊಳಗೆ ಕಚೇರಿ ಹೌದು, ಅಲ್ಲ ಏನನ್ನೂ ಹೇಳದಿದ್ದರೆ, ಯಾವ ಷರತ್ತೂ ಇಲ್ಲದೆ ಒಪ್ಪಿಗೆ ಸಿಕ್ಕಿದಂತೆಯೇ ಲೆಕ್ಕ. ಅದನ್ನು ‘ಡೀಮ್ಡ್’ ಎನ್ನುತ್ತಿದ್ದೆವು.

ಆ ವರ್ಷದ ಬೇಸಿಗೆಯಲ್ಲಿ ಕೂಸಪ್ಪ ಪೂಜಾರಿ ಎಂಬವರು ತಾವಾಗಿಯೇ ಅರ್ಜಿ ಹಿಡಿದು ಬಂದರು. ತಾವಾಗಿ ಬರುವವರು ತೀರ ಅಪರೂಪ. ಉಡುಪಿ ಕಡೆಯವರು, ಐವತ್ತು ದಾಟಿದವರು. ಠಾಣೆ ಸ್ಟೇಷನ್ನಿನ ಹತ್ತಿರ ಅವರದೊಂದು ಸಣ್ಣ ಹೋಟೆಲಿತ್ತು. ಹೋಟೆಲುಗಳ ಸ್ಟೀಲ್ ಪಾತ್ರೆಗಳಿಗೆ ಪಾಲಿಶ್ ಹಾಕಿಕೊಡಲೆಂದು ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡನ್ನೂ ತೆಗೆದುಕೊಂಡಿದ್ದರು. ಅದನ್ನು ದೊಡ್ಡದು ಮಾಡಲು ಬ್ಯಾಂಕಿನಲ್ಲಿ ಸಾಲ ಕೇಳಿದಾಗ, ಮೊದಲು ಕನ್ಸೆಂಟ್ ತನ್ನಿ ಎಂದರಂತೆ. ಅರ್ಜಿಯಲ್ಲಿ ‘ಪಾತ್ರೆ ಪಾಲಿಶ್’ ಎಂದು ಬರೆದಿತ್ತು. ನನ್ನ ಕನ್ನಡ ಕೇಳಿ ಅವರ ಮುಖ ಅರಳಿತು.

“ನೀವು ನಮ್ಮವರೇ ಅಂತ ಆಯ್ತು. ಇನ್ನೆಂತ ಹೆದರಿಕೆ?”

“ನೋಡೂಣ್ರಿ, ಮೊದಲ ಶೆಡ್ಡಿಗೆ ಬರ್ತೀನಿ,” ಎಂದೆ.

ಹೋಗಿ ನೋಡಿದರೆ ಪಾಲಿಶ್ ಮಾಡುವ ಚಕ್ರಗಳು ಒಂದು ಮೂಲೆಗೆ ಸೇರಿದ್ದವು. ಶೆಡ್ಡಿನ ಉದ್ದಕ್ಕೂ ತೊಟ್ಟಿಗಳು. ನಲ್ಲಿ ತಯಾರಿಸುವ ಒಂದು ಕಂಪನಿಯವರು ಹೊಳಪು ಬರಿಸಿಕೊಡಿ ಎಂದು ಹಿತ್ತಾಳೆ ನಲ್ಲಿಗಳನ್ನು ಕೊಡತೊಡಗಿದ ಮೇಲೆ ಪೂಜಾರಿಯವರು ಕ್ರೋಮ್ ಪ್ಲೇಟಿಂಗ್, ಅಂದರೆ ತೊಟ್ಟಿಯ ದ್ರಾವಣದಲ್ಲಿ ಮುಳುಗಿಸಿ ಕ್ರೋಮಿಯಂ ಲೇಪ ಕೊಡುವ ಕೆಲಸ ಶುರುಮಾಡಿದ್ದರು. ತೊಟ್ಟಿಯಿಂದ ಎತ್ತಿದ ನಲ್ಲಿಗಳನ್ನು ತೊಳೆದ ನೀರು ಅರಿಶಿನ ಕಲಸಿದಂತೆ ಹಳದಿಯಾಗಿ ಹಿಂದಿನ ಗಟಾರಕ್ಕೆ ಇಳಿಯುತ್ತಿತ್ತು. ಆ ಹಳದಿಯೇ ವಿಷ. ಗಟಾರ ಹೋಗಿ ಸೇರುವ ನಾಲೆಯ ದಂಡೆಯ ಮೇಲೆ ಝೋಪಡಿಗಳಿದ್ದವು, ಹೆಂಗಸರು ಅಲ್ಲೇ ಪಾತ್ರೆ ತಿಕ್ಕುತ್ತಿದ್ದರು.

ತೊಟ್ಟಿಯ ಪಕ್ಕದಲ್ಲಿ ವಿಜಾಪುರ ಕಡೆಯ ಮಲ್ಲಪ್ಪ ಎಂಬ ಕೆಲಸಗಾರ ನಿಂತಿದ್ದ. ಅವನ ಬೆರಳ ಗೆಣ್ಣುಗಳ ಮೇಲೆ ಮೊಳೆ ಹೊಡೆದು ತೆಗೆದಂತೆ ದುಂಡನೆಯ ಹುಣ್ಣುಗಳಿದ್ದವು. ಕ್ರೋಮ್ ತಾಗಿ ಇಂಥ ಹುಣ್ಣಾಗುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅದೇ ಮೊದಲು.

“ನೋವು ಆಗ್ತದೇನಪಾ?” ಎಂದು ಕೇಳಿದೆ.

“ನೋವೇನಿಲ್ರಿ ಅಕ್ಕಾರ. ತೂತು ಬೀಳ್ತಾವ, ಅಷ್ಟ.” ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡ.

ನಾನು ಪೂಜಾರಿಯವರ ಕಡೆ ತಿರುಗಿದೆ. “ಇದು ಪಾಲಿಶ್ ಅಲ್ರಿ. ಪ್ಲೇಟಿಂಗ್. ನೀವು ಅರ್ಜಿಯೊಳಗ ಬರೆದದ್ದು ತಪ್ಪು ಅದ.”

“ಹೊಳಪು ಬರುವುದು ಎರಡರಲ್ಲಿಯೂ ಒಂದೇ ಅಲ್ವಾ ಮೇಡಂ?” ಎಂದರು. ಅದರಲ್ಲಿ ಕಪಟವಿರಲಿಲ್ಲ. ಮಲ್ಲಪ್ಪನ ಕೈಯನ್ನು ಅವರು ದಿನಾ ನೋಡುತ್ತಿದ್ದರು. ಪ್ಲೇಟಿಂಗ್ ಕೆಲಸವೆಂದರೆ ಹೀಗೇ ಎಂದು ಯಾರೋ ಹೇಳಿದ್ದನ್ನು ನಂಬಿದ್ದರು.

ಹೊರಗೆ ಬಂದಾಗ ಅದೇ ಸಾಲಿನ ನಾಲ್ಕಾರು ಶೆಡ್ಡುಗಳ ಶಟರ್ ಅರ್ಧಕ್ಕೆ ಇಳಿದಿದ್ದವು. ಅವುಗಳ ಹಿಂದಿನ ಗಟಾರವೂ ಹಳದಿಯೇ. ಅವುಗಳ ಮಾಲೀಕರಾರೂ ಅರ್ಜಿ ಹಾಕಿರಲಿಲ್ಲ. ನಮ್ಮ ರಿಜಿಸ್ಟರಿನ ಪ್ರಕಾರ ಆ ಶೆಡ್ಡುಗಳೇ ಇರಲಿಲ್ಲ.

ವರದಿ ಬರೆದು ನಮ್ಮ ಸಾಹೇಬರ ಮುಂದಿಟ್ಟೆ. ಅವರು ಕೆಟ್ಟವರಲ್ಲ, ಯಾರಿಂದಲೂ ಒಂದು ಕಪ್ ಚಹಾ ಕೂಡ ಕುಡಿದವರಲ್ಲ. ರಿಟೈರ್ ಆಗಲು ಸ್ವಲ್ಪವೇ ಉಳಿದಿತ್ತು, ಮೇಜಿನ ಎರಡೂ ಬದಿಗೆ ಫೈಲುಗಳ ಗೋಡೆಯಿತ್ತು. ಓದಿ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

“ಬಾಯಿ, ಚಾರ್ ಮಹಿನೇ ಜಾವೂ ದ್ಯಾ,” ಎಂದರು. ಅಮ್ಮಾ, ನಾಲ್ಕು ತಿಂಗಳು ಹೋಗಲಿ ಬಿಡಿ ಎಂದು ಮರಾಠಿಯಲ್ಲಿ. ನಿರಾಕರಿಸಿದರೆ ಕೋರ್ಟಿಗೆ ಅಲೆಯಬೇಕು. ಒಪ್ಪಿಗೆ ಕೊಟ್ಟರೆ ನಾಳೆ ಏನಾದರೂ ಆದಾಗ ಸಹಿ ಹಾಕಿದವರ ತಲೆಗೆ ಬರುತ್ತದೆ. ಸುಮ್ಮನಿದ್ದರೆ ತಾನಾಗಿಯೇ ಡೀಮ್ಡ್. ಯಾರೂ ಸಹಿ ಹಾಕಬೇಕಾಗಿಲ್ಲ.

ಆ ಮಾತು ನನಗೆ ರುಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ಫೈಲನ್ನು ಅಲ್ಲೇ ಬಿಟ್ಟೆ. ಆದರೆ ಊಟಕ್ಕೆ ಕೂತಾಗಲೆಲ್ಲ ಮಲ್ಲಪ್ಪನ ಬೆರಳುಗಳು ಕಣ್ಣಿಗೆ ಬರುತ್ತಿದ್ದವು. ಷರತ್ತೇ ಇಲ್ಲದ ಒಪ್ಪಿಗೆ ಎಂದರೆ ಆ ನೀರು ಹೀಗೆಯೇ ಹರಿಯಲಿ ಎಂದು ನಾವೇ ಹೇಳಿದಂತೆ. ಮತ್ತೆ ಸಾಹೇಬರ ಬಳಿ ಹೋಗಿ, ಷರತ್ತುಗಳನ್ನು ನಾನೇ ಬರೆಯುತ್ತೇನೆ, ನೀವು ಸಹಿ ಮಾಡಿ ಎಂದೆ. ನಿಟ್ಟುಸಿರು ಬಿಟ್ಟು ಒಪ್ಪಿದರು.

ಷರತ್ತುಗಳು ಇವು: ಪೂಜಾರಿಯವರು ಮೊದಲು ನೋಂದಣಿಯಲ್ಲಿ ಪಾಲಿಶ್ ಬದಲು ಕ್ರೋಮ್ ಪ್ಲೇಟಿಂಗ್ ಎಂದು ತಿದ್ದಿಸಬೇಕು. ಕೆಲಸಗಾರರಿಗೆ ರಬ್ಬರ್ ಕೈಗವಸು, ಗಮ್‌ಬೂಟು ಕೊಡಬೇಕು. ಹಿಂದುಗಡೆ ಎರಡು ಗುಂಡಿ ಕಟ್ಟಿಸಿ, ಹಳದಿ ನೀರನ್ನು ಮೊದಲನೆಯದಕ್ಕೆ ಬಿಟ್ಟು ಆ್ಯಸಿಡ್ ಮತ್ತು ಅನ್ನಭೇದಿ ಎಂಬ ಕಬ್ಬಿಣದ ಲವಣ ಹಾಕಬೇಕು. ಆಗ ಹಳದಿ ಹೋಗಿ ಹಸಿರಾಗುತ್ತದೆ, ವಿಷದ ತೀವ್ರತೆ ಇಳಿಯುತ್ತದೆ. ಎರಡನೆಯ ಗುಂಡಿಯಲ್ಲಿ ಸುಣ್ಣ ಬೆರೆಸಿದರೆ ಕ್ರೋಮಿಯಂ ಕೆಸರಾಗಿ ತಳಕ್ಕೆ ಕೂರುತ್ತದೆ, ಮೇಲಿನ ತಿಳಿನೀರನ್ನು ಹೊರಗೆ ಬಿಡಬಹುದು. ಕೊನೆಯ ಷರತ್ತು ಎಲ್ಲ ಆದೇಶಗಳಲ್ಲೂ ಇರುವಂಥದ್ದು, ಟೈಪಿಸ್ಟಿಗೆ ಬಾಯಿಪಾಠ: ಕೆಸರನ್ನು ಸುರಕ್ಷಿತ ರೀತಿಯಲ್ಲಿ ವಿಲೇವಾರಿ ಮಾಡತಕ್ಕದ್ದು.

ಪೂಜಾರಿಯವರು ಎಲ್ಲವನ್ನೂ ಮಾಡಿದರು. ನೋಂದಣಿ ತಿದ್ದಿಸಲು ಆ ಇಲಾಖೆಯ ಬಾಗಿಲಲ್ಲಿ ಎಷ್ಟು ಸಲ ನಿಂತರೋ. ಗುಂಡಿ ಕಟ್ಟಿಸಿದರು. ಅನ್ನಭೇದಿ ಎಷ್ಟು, ಸುಣ್ಣ ಎಷ್ಟು ಎಂದು ನಾನು ತೋರಿಸಿಕೊಟ್ಟದ್ದನ್ನು ಮಲ್ಲಪ್ಪ ಬೇಗ ಕಲಿತ. ಮಳೆಗಾಲ ಮುಗಿದಮೇಲೆ ಸ್ಯಾಂಪಲ್ ತೆಗೆದಾಗ ನೀರು ಮಿತಿಯೊಳಗಿತ್ತು. ರಿಪೋರ್ಟ್ ಬಂದ ದಿನ ನಾನೇ ವಾಗ್ಳೆ ಎಸ್ಟೇಟಿಗೆ ಹೋಗಿ ತಿಳಿಸಿದೆ. ಮಲ್ಲಪ್ಪ ಕೈಗವಸು ಕಳಚಿ ಕೈ ತೋರಿಸಿದ. ಹುಣ್ಣುಗಳು ಮಾಯ್ದು ಬಿಳಿಯ ಕಲೆ ಉಳಿದಿತ್ತು. ಈ ನೌಕರಿಯಿಂದ ಒಬ್ಬನಿಗಾದರೂ ಒಳ್ಳೆಯದಾಯಿತು ಎಂದು ಅಂದು ಅನ್ನಿಸಿತು.

ಆಗಲೇ ಪೂಜಾರಿಯವರು ಗುಂಡಿಯ ಪಕ್ಕದ ಡ್ರಮ್ಮುಗಳನ್ನು ತೋರಿಸಿದರು. ಒಳಗೆ ಹಸಿರುಗಂದು ಕೆಸರು ಮೊಸರಿನಂತೆ ಕುಳಿತಿತ್ತು.

“ಮೇಡಂ, ಇದನ್ನು ಎಲ್ಲಿ ಹಾಕುದು?”

“ಕೇಳಿ ಹೇಳ್ತೀನ್ರಿ,” ಎಂದೆ.

ಸಾಹೇಬರನ್ನು ಕೇಳಿದೆ. ಮುಖ್ಯ ಕಚೇರಿಗೆ ಬರೆಯಿರಿ ಎಂದರು. ಬರೆದೆ. ನಗರಪಾಲಿಕೆಯವರನ್ನು ಕೇಳಿದರೆ, ಮನೆಯ ಕಸ ಮಾತ್ರ ನಮ್ಮದು, ಕಾರ್ಖಾನೆಯದು ಬೇಡ ಎಂದು ಕೈಮುಗಿದರು. ಎಸ್ಟೇಟಿನವರು ನಮ್ಮಲ್ಲಿ ಅಂಥ ಜಾಗವೇ ಇಲ್ಲ ಎಂದರು. ತಿಂಗಳುಗಳು ಕಳೆದಮೇಲೆ ಮುಖ್ಯ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂತು: ಕನ್ಸೆಂಟಿನ ಷರತ್ತಿನಂತೆ ಕ್ರಮ ಕೈಗೊಳ್ಳುವುದು. ಅಂದರೆ ನಾನು ಬರೆದ ಮಾತನ್ನೇ ನನಗೆ ವಾಪಸು ಕಳಿಸಿದ್ದರು. ನಿಜ ಸಂಗತಿ ಎಂದರೆ, ಅಂಥ ಕೆಸರನ್ನು ಒಯ್ದು ಸುರಕ್ಷಿತವಾಗಿ ಹಾಕುವ ಜಾಗ ನಮ್ಮ ಪ್ರದೇಶದಲ್ಲಿ ಆಗ ಎಲ್ಲಿಯೂ ಇರಲಿಲ್ಲ. ನೀರಿನಿಂದ ವಿಷ ತೆಗೆಯಿರಿ ಎಂದು ಹೇಳುವ ಕಾನೂನು ಬಂದಿತ್ತು. ತೆಗೆದ ವಿಷವನ್ನು ಏನು ಮಾಡಬೇಕೆಂದು ಹೇಳುವ ಕಾನೂನು ಇನ್ನೂ ಬಂದಿರಲಿಲ್ಲ.

ಡ್ರಮ್ಮುಗಳು ಹೆಚ್ಚುತ್ತ ಹೋದವು. ಮರುವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪೂಜಾರಿಯವರು ನಮ್ಮ ಕಚೇರಿಗೆ ಬಂದು, ಎದುರಿನ ಬೆಂಚಿನ ಮೇಲೆ ಕೂತರು. ಒಬ್ಬ ಟ್ರಕ್ಕಿನವನು ಗಂಟು ಬಿದ್ದಿದ್ದನಂತೆ. ಎಲ್ಲ ಡ್ರಮ್ಮುಗಳನ್ನೂ ಒಂದೇ ಸಲ ಎತ್ತುತ್ತೇನೆ, ಮುಂಬ್ರಾದ ಆಚೆ ಖಾಡಿಯ ಜೌಗಿನಲ್ಲಿ ಸುರಿದು ಬರುತ್ತೇನೆ, ಒಂದು ನರಪಿಳ್ಳೆಗೂ ಗೊತ್ತಾಗುವುದಿಲ್ಲ ಎಂದಿದ್ದನಂತೆ. ಟ್ರಕ್ಕು ಶೆಡ್ಡಿನ ಮುಂದೆ ಬಂದು ನಿಂತಿತ್ತು.

“ನಾನು ಕದ್ದು ಮಾಡುವುದಾದರೆ ನಿಮ್ಮಲ್ಲಿಗೆ ಬರ್ತಿರಲಿಲ್ಲ,” ಎಂದರು. “ಪಕ್ಕದವರು ಈಗಲೂ ಸೀದಾ ಗಟಾರಕ್ಕೇ ಬಿಡ್ತಾರೆ, ಅವರನ್ನು ಕೇಳುವವರಿಲ್ಲ. ನನಗೆ ನೀವು ಒಂದು ಮಾತು ಹೇಳಿ. ಆಗ್ಬಹುದು ಅಂತಾದರೂ ಹೇಳಿ, ಬೇಡ ಅಂತಾದರೂ ಹೇಳಿ. ಬೇಡ ಅಂದ್ರೆ ಎಲ್ಲಿಗೆ ಅಂತ ಹೇಳಿ ಮಾರಾಯ್ರೆ.”

ಸಾಹೇಬರ ಕೋಣೆಯ ಬಾಗಿಲು ತೆರೆದೇ ಇತ್ತು. ಅವರು ತಲೆಯೆತ್ತಲಿಲ್ಲ. ಅಲ್ಲಿ ನಾನೂ ಪೂಜಾರಿಯವರೂ ಇಬ್ಬರೇ ಇದ್ದಂತಿತ್ತು. ಖಾಡಿಯಲ್ಲಿ ಮೀನು ಹಿಡಿದು ಬದುಕುವ ಜನರಿದ್ದಾರೆ. ಅಲ್ಲಿ ಸುರಿದರೆ ಇಷ್ಟು ಕಷ್ಟಪಟ್ಟು ನೀರಿನಿಂದ ತೆಗೆದದ್ದನ್ನು ಮತ್ತೆ ನೀರಿಗೇ ಹಾಕಿದಂತೆ.

“ಬ್ಯಾಡ್ರಿ,” ಎಂದೆ. “ಎಲ್ಲಿಗೆ ಅನ್ನೂದು ನನಗೂ ಗೊತ್ತಿಲ್ರಿ.”

ಅವರು ನನ್ನನ್ನೇ ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು. “ಆಯ್ತು,” ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದರು. ಟ್ರಕ್ಕನ್ನು ಬರಿದಾಗಿ ಕಳಿಸಿದರಂತೆ.

ಆಮೇಲೆ ಅವರು ಶೆಡ್ಡಿನ ಹಿಂಬದಿಯಲ್ಲಿ ಸಿಮೆಂಟ್ ನೆಲ ಹಾಕಿಸಿ, ನಾಲ್ಕು ಗೋಡೆ ಎಬ್ಬಿಸಿ, ತಗಡಿನ ಮಾಡು ಹೊದಿಸಿ, ಡ್ರಮ್ಮುಗಳನ್ನೆಲ್ಲ ಒಳಗಿಟ್ಟು ಬೀಗ ಹಾಕಿದರು. ಬ್ಯಾಂಕಿನ ಸಾಲದಿಂದ ಹೊಸ ತೊಟ್ಟಿಗಳನ್ನು ಹಾಕಬೇಕೆಂದಿದ್ದ ಜಾಗ ಅದು. ಕನ್ಸೆಂಟ್ ಕೇಳಿದ್ದೇ ಆ ತೊಟ್ಟಿಗಳಿಗಾಗಿ. ಈಗ ಅಲ್ಲಿ ಕೆಸರು ಕೂತಿತು, ಅವರು ಸಾಲ ತೆಗೆದುಕೊಳ್ಳಲೇ ಇಲ್ಲ.

ಪಕ್ಕದ ಶೆಡ್ಡುಗಳನ್ನು ರಿಜಿಸ್ಟರಿಗೆ ತರಲು ನಾನು ಮಾಡಿದ ಓಡಾಟವನ್ನು ವಿವರಿಸಿ ಪ್ರಯೋಜನವಿಲ್ಲ. ನೋಟಿಸು ಕೊಡಲು ಹೋದರೆ ಶಟರ್ ಇಳಿದಿರುತ್ತಿತ್ತು. ಮುಂದಿನ ಸಲ ಬೋರ್ಡು ಬದಲಾಗಿರುತ್ತಿತ್ತು. ಇಬ್ಬರು ಅರ್ಜಿ ಹಾಕಿದರು, ಒಬ್ಬ ಭಿವಂಡಿಯ ಕಡೆ ಗಂಟುಮೂಟೆ ಕಟ್ಟಿದ, ಉಳಿದವರು ಹಾಗೆಯೇ ಇದ್ದರು. ಗುಂಡಿ, ಸುಣ್ಣ, ಅನ್ನಭೇದಿಯ ಖರ್ಚಿಲ್ಲದ ಅವರ ದರ ಕಡಿಮೆ. ನಲ್ಲಿ ಕಂಪನಿಯವರು ಒಂದು ದಿನ ಮಾಲನ್ನು ಪೂಜಾರಿಯವರಲ್ಲಿಂದ ಎತ್ತಿ ಎರಡು ಶೆಡ್ಡು ಆಚೆಗೆ ಕೊಟ್ಟರು. ಇದನ್ನು ನನಗೆ ಹೇಳಿದ್ದು ಮಲ್ಲಪ್ಪ. ಪೂಜಾರಿಯವರು ದೂರಲಿಲ್ಲ. ಪ್ಲೇಟಿಂಗ್ ನಿಲ್ಲಿಸಿ ಮತ್ತೆ ಹೋಟೆಲಿನ ಗಲ್ಲಾಕ್ಕೆ ಕೂತರು. ಮಲ್ಲಪ್ಪನನ್ನೂ ಅಲ್ಲಿಗೇ ಕರೆದುಕೊಂಡರು.

ನನಗೆ ಕಲ್ಯಾಣಕ್ಕೆ ವರ್ಗವಾಯಿತು. 1989ರಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮಗಳು ಬಂದವು. ಇಂಥ ಕೆಸರನ್ನು ಇಟ್ಟುಕೊಂಡವರೂ ಇನ್ನು ಅನುಮತಿ ಪಡೆಯಬೇಕು. ಪೇಪರಿನಲ್ಲಿ ಓದಿದ ಪೂಜಾರಿಯವರು ಠಾಣೆಯ ಕಚೇರಿಗೆ ತಾವಾಗಿಯೇ ಹೋಗಿ, ಮುಚ್ಚಿಹೋದ ಕಾರ್ಖಾನೆಯ ಹೆಸರಿನಲ್ಲಿ ಅರ್ಜಿ ಕೊಟ್ಟು ಬಂದರೆಂದು ಅಲ್ಲಿನ ಸಹೋದ್ಯೋಗಿ ಫೋನಿನಲ್ಲಿ ಹೇಳಿ ನಕ್ಕರು. ಕೆಸರನ್ನು ಹಾಕುವ ಜಾಗ ಆಗಲೂ ಆಗಿರಲಿಲ್ಲ.

ಮರುವರ್ಷ ಮಳೆಗಾಲಕ್ಕೆ ಮುಂಚೆ ವಾಗ್ಳೆ ಎಸ್ಟೇಟಿನಲ್ಲಿ ಬೇರೆ ಕೆಲಸವಿತ್ತು. ಮುಗಿಸಿಕೊಂಡು ಆ ಸಾಲಿನಲ್ಲಿ ಹಾದು ಬಂದೆ. ಶೆಡ್ಡು ಮುಚ್ಚಿತ್ತು. ಹಿಂದುಗಡೆ ಪೂಜಾರಿಯವರು ಲುಂಗಿ ಎತ್ತಿ ಕಟ್ಟಿ, ಏಣಿಯ ಮೇಲೆ ನಿಂತು, ಆ ಕೋಣೆಯ ತಗಡಿನ ಸಂದುಗಳಿಗೆ ಡಾಂಬರು ಬಳಿಯುತ್ತಿದ್ದರು. ತಲೆಯೆಲ್ಲ ಬೆಳ್ಳಗಾಗಿತ್ತು. ಶೆಡ್ಡು ಕೊಳ್ಳಲು ಬಂದವರು ಈ ಕೋಣೆ ಕಂಡು ಹಿಂದೆ ಸರಿಯುತ್ತಾರೆ ಎಂದರು. ಒಂದು ಹನಿ ಒಳಗಿಳಿದರೂ ಡ್ರಮ್ಮು ತುಕ್ಕು ಹಿಡಿಯುತ್ತದೆಂದು ಪ್ರತಿ ಮಳೆಗಾಲಕ್ಕೆ ಮೊದಲು ತಾವೇ ಬಂದು ಡಾಂಬರು ಹಾಕುತ್ತಾರಂತೆ.

“ಬ್ಯಾರೆಯವರಾಗಿದ್ರ ಎಂದೋ ಬಿಟ್ಟು ಹೋಗ್ತಿದ್ರು,” ಎಂದೆ.

“ಬಿಟ್ರೆ ಆಗ್ತದಾ ಮೇಡಂ? ನನ್ನ ಹೆಸರಲ್ಲಿ ಉಂಟಲ್ಲ.”

ನೌಕರಿಯ ಉಳಿದ ವರ್ಷಗಳಲ್ಲಿ ನೂರಾರು ಆದೇಶಗಳಿಗೆ ಸಹಿ ಹಾಕಿದೆ. ಒಂದು ಷರತ್ತು ಬರೆಯುವ ಮೊದಲು, ಅದನ್ನು ನಂಬಿ ಪಾಲಿಸುವವನು ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿಕೊಳ್ಳುವುದನ್ನು ಕಲಿತೆ. ಪಾಲಿಸದವರಿಗೆ ನಮ್ಮ ಷರತ್ತುಗಳು ಎಂದೂ ಭಾರವಾಗಿರಲಿಲ್ಲ. ಇದನ್ನು ನನಗೆ ಯಾವ ಟ್ರೇನಿಂಗಿನಲ್ಲಿಯೂ ಹೇಳಿಕೊಟ್ಟಿರಲಿಲ್ಲ.

ನೆಲ ಸಮವಿರಲಿಲ್ಲ, ಏಣಿ ಅಲುಗುತ್ತಿತ್ತು. ಚೀಲವನ್ನು ಗೋಡೆಗೆ ಒರಗಿಸಿ, ಅವರು ಡಾಂಬರು ಬಳಿದು ಮುಗಿಸುವವರೆಗೂ ಏಣಿ ಹಿಡಿದು ನಿಂತೆ.