ಗಾಜಿನ ಬೀರುವಿನ ಕೀಲಿಕೈ

ನಮ್ಮ ಮನೆಯ ಟೀವಿ ರಿಮೋಟಿಗೆ ಅಂಗಡಿಯವನು ತೊಡಿಸಿ ಕೊಟ್ಟ ಪ್ಲಾಸ್ಟಿಕ್ ಕವರು ಬಹಳ ವರ್ಷ ಹಾಗೆಯೇ ಇತ್ತು. ಗುಂಡಿ ಒತ್ತಿದರೆ ಚಾನೆಲ್ ಬದಲಾಗುತ್ತಿರಲಿಲ್ಲ, ಬದಲಾದರೆ ಯಾವುದಕ್ಕೆಂದು ಹೇಳುವಂತಿರಲಿಲ್ಲ. ಆದರೂ ಅದನ್ನು ತೆಗೆಯಲು ನಾನು ಒಪ್ಪಿದವನಲ್ಲ. ಹೊಸ ವಸ್ತು ಬಳಸಿದರೆ ಹಳತಾಗುತ್ತದೆ ಎಂಬ ಪರಮಸತ್ಯವನ್ನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರಾಗಿ ಸಾಕ್ಷಾತ್ಕರಿಸಿಕೊಂಡವನು ನಾನು. ಚೀಟಿಯಿಲ್ಲದೆ ನನ್ನ ಕಿಟಕಿಯಿಂದ ಒಂದು ಡ್ರಿಲ್ ಬಿಟ್ ಕೂಡ ಹೊರಗೆ ಹೋದದ್ದಿಲ್ಲ. ಚೀಟಿ ತಂದವರಿಗೂ, ಮಗಳನ್ನು ಗಂಡನ ಮನೆಗೆ ಕಳಿಸುವ ಸಂಕಟದಿಂದಲೇ ಕೊಡುತ್ತಿದ್ದೆ.

ಈ ಕೀರ್ತಿ ಕಿವಿಗೆ ಬಿದ್ದೋ ಏನೋ, ನಿವೃತ್ತಿಯ ನಂತರ ಹತ್ತಿರದ ಸಣ್ಣ ಆಸ್ಪತ್ರೆಯೊಂದು ತನ್ನ ಉಗ್ರಾಣವನ್ನು ನನಗೆ ಒಪ್ಪಿಸಿತು. ಪ್ರೆಸ್ ಮೆಷಿನ್ನಿಗೆ ಬೆರಳು ಕೊಟ್ಟವರು, ಕಣ್ಣಿಗೆ ಕಬ್ಬಿಣದ ಚೂರು ಹಾರಿಸಿಕೊಂಡವರು ಬರುವ ಜಾಗ ಅದು. ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದದ್ದೆಲ್ಲ ದೊಡ್ಡವರ ಅಳತೆಯದೇ. ಕೆಲಸಗಾರರ ಹಿಂದೆ ಅವರ ಹೆಂಡಿರು ಮಕ್ಕಳೂ ಮಾಕಳಿಯವರೆಗಿನ ಬಾಡಿಗೆ ಕೋಣೆಗಳಲ್ಲಿ ತುಂಬಿಕೊಂಡಿದ್ದಾರೆಂಬುದನ್ನು ಮೊದಲು ಗಮನಿಸಿದವರು ಹೊಸದಾಗಿ ಬಂದ ಡಾಕ್ಟರಮ್ಮ. ಮಕ್ಕಳ ಮುಖಕ್ಕೆ ಹೊಂದುವ ಆಮ್ಲಜನಕದ ಮಾಸ್ಕು, ಪುಟ್ಟ ಸೂಜಿ, ಕೂಸುಗಳ ತೂಕದ ತಟ್ಟೆ ಎಂದು ಪಟ್ಟಿ ಬರೆದು ನನ್ನ ಕೈಗಿತ್ತರು.

ನಾನು ಉತ್ಸಾಹದ ಮನುಷ್ಯ. ಪಟ್ಟಿಯಲ್ಲಿಲ್ಲದ ಜಿರಾಫೆಯನ್ನೂ ಗೋಡೆಗೆ ಬರೆಸಿದೆ. ಅಂಗಡಿ ಬೋರ್ಡು ಬರೆಯುವ ಪೇಂಟರು ಜಿರಾಫೆ ಕಂಡವನಲ್ಲವಾದ್ದರಿಂದ ಅದು ಕತ್ತು ಉಳುಕಿದ ಮೇಕೆಯಾಗಿ ಅವತರಿಸಿತು. ತರಿಸಿದ ಸಾಮಾನನ್ನು ಮಾತ್ರ ಪೊಟ್ಟಣ ಬಿಚ್ಚದೆ ಗಾಜಿನ ಬೀರುವಿನಲ್ಲಿ ಚೊಕ್ಕಟವಾಗಿ ಜೋಡಿಸಿ, ‘ಮಕ್ಕಳಿಗೆ ಮಾತ್ರ’ ಎಂದು ಚೀಟಿ ಅಂಟಿಸಿ, ಬೀಗ ಜಡಿದು, ಕೀಲಿಕೈಯನ್ನು ಸೊಂಟದ ಗೊಂಚಲಿಗೆ ಸೇರಿಸಿಕೊಂಡೆ. ತುರ್ತು ವಿಭಾಗದ ನರ್ಸ್ ಗೌರಮ್ಮ ಇನ್ನೊಂದು ಕೀ ಕೇಳಿದಾಗ, “ಬೇಕಾದಾಗ ಚೀಟಿ ಬರ್ಕೊಡಿ ಸಿಸ್ಟರ್, ತೆಕ್ಕೊಡ್ತೀನಿ” ಎಂದೆ. ಆ ಮಾತು ಹೇಳುವಾಗ ನನಗೆ ನನ್ನ ಮೇಲೆಯೇ ಗೌರವ ಹೆಚ್ಚಿತ್ತು.

ಒಂದು ಮಧ್ಯಾಹ್ನ ಎದುರಿನ ಟೀ ಅಂಗಡಿಯಲ್ಲಿ, ಮಕ್ಕಳಿಗಾಗಿ ನಮ್ಮ ಆಸ್ಪತ್ರೆ ಹೇಗೆ ಸಜ್ಜಾಗಿದೆಯೆಂದು ಕೇಳದವರಿಗೂ ವಿವರಿಸುತ್ತಿದ್ದೆ. ಗೌರಮ್ಮ ಗೇಟಿನಿಂದಲೇ ಕೂಗಿದರು: “ಸಾರ್, ಕೀ! ಮಗೂಗೆ ಫಿಟ್ಸ್ ಬಂದಿದೆ, ಓಡ್ಬನ್ನಿ!”

ಜ್ವರ ನೆತ್ತಿಗೇರಿ ಸೆಟೆದುಕೊಂಡ ಎರಡು ವರ್ಷದ ಹೆಣ್ಣು ಕೂಸು, ತುಟಿ ನೀಲಿಗಟ್ಟಿತ್ತು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದ ತಾಯಿ ಅದರ ಪಾದ ಹಿಡಿದು ನಿಂತಿದ್ದಳು. ಡಾಕ್ಟರಮ್ಮ ಒತ್ತಿ ಹಿಡಿದಿದ್ದ ದೊಡ್ಡವರ ಮಾಸ್ಕು ಮಗುವಿನ ಹಣೆಯಿಂದ ಗಲ್ಲದವರೆಗೂ ಹರಡಿ, ಗಾಳಿಯೆಲ್ಲ ಪಕ್ಕದಿಂದ ಸೋರುತ್ತಿತ್ತು. ಮುಟ್ಟಿ ನೋಡಿಯೇ ಕೀಲಿಕೈ ಗುರುತಿಸುತ್ತೇನೆಂದು ಬೀಗುತ್ತಿದ್ದ ನನಗೆ ಆಗ ಗೊಂಚಲಿನ ಕೀಗಳೆಲ್ಲ ಒಂದೇ ತರಹ ಕಂಡವು. ಮೊದಲನೆಯದು ತಿರುಗಲಿಲ್ಲ. ಎರಡನೆಯದು ಒಳಗೇ ಹೋಗಲಿಲ್ಲ. ಮೂರನೆಯದನ್ನು ಆರಿಸುವಷ್ಟರಲ್ಲಿ ಗೊಂಚಲೇ ಕೆಳಗೆ ಬಿತ್ತು.

“ಆ ಕಡೆ ಸರೀರಿ ಸಾರ್” ಎಂದವರೇ ಗೌರಮ್ಮ ಆಮ್ಲಜನಕದ ಸಿಲಿಂಡರು ತಿರುಗಿಸುವ ಸ್ಪ್ಯಾನರಿನಿಂದ ಬೀರುವಿನ ಗಾಜು ಒಡೆದರು.

ಪುಟ್ಟ ಮಾಸ್ಕು ಮುಖಕ್ಕೆ ಕೂತಿತು. ಎಷ್ಟು ಹೊತ್ತಾಯಿತೋ, ಗೋಡೆಯ ಮೇಕೆ ನನ್ನನ್ನೇ ನೋಡುತ್ತಿತ್ತು. ಕೊನೆಗೆ ತುಟಿಗೆ ಬಣ್ಣ ಬಂತು, ಮಗು ಚೀರಿ ಅತ್ತಿತು. ನಾನೂ ಅತ್ತೆ.

ಸ್ವಲ್ಪ ಸುಧಾರಿಸಿಕೊಂಡ ತಾಯಿ ಒಡೆದ ಬೀರುವನ್ನೂ ನನ್ನ ಕೈಯ ಕೀಲಿ ಗೊಂಚಲನ್ನೂ ನೋಡಿ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು: “ಯಣ್ಣಾ, ಅದನ್ನ ಯಾರ ಸಲುವಾಗಿ ಕೀಲಿ ಹಾಕಿ ಇಟ್ಟಿದ್ರಿ?”

ಉತ್ತರ ನೆಲದ ಮೇಲೆ ಗಾಜಿನ ಚೂರಿಗೆ ಅಂಟಿಕೊಂಡೇ ಬಿದ್ದಿತ್ತು, ನನ್ನದೇ ದುಂಡಕ್ಷರದಲ್ಲಿ: ‘ಮಕ್ಕಳಿಗೆ ಮಾತ್ರ’. ಬಗ್ಗಿ ಆ ಚೂರನ್ನು ಹೆಕ್ಕಿಕೊಂಡೆ.

ಆ ಬೀರುವಿಗೆ ಈಗ ಬಾಗಿಲೇ ಇಲ್ಲ. ಪ್ರತಿದಿನ ಬೆಳಿಗ್ಗೆ ಗೌರಮ್ಮ ಒಂದೊಂದನ್ನೂ ಕೈಗೆತ್ತಿಕೊಂಡು ನೋಡುತ್ತಾರೆ, ಮುಗಿದದ್ದನ್ನು ಹೇಳುತ್ತಾರೆ, ನಾನು ಚೀಟಿ ಕೇಳದೆ ತಂದಿಡುತ್ತೇನೆ. ಆ ದಿನ ಸಂಜೆ ಮನೆಗೆ ಹೋದವನೇ ರಿಮೋಟಿನ ಕವರು ಹರಿದೆಸೆದಾಗ, ಹೆಂಡತಿ ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದ್ದಳು. ಮೊನ್ನೆ ಅದರ ಅಂಕಿಗಳೆಲ್ಲ ಸವೆದು ಹೊಸ ರಿಮೋಟು ತಂದಾಗ, “ಇದಕ್ಕಾದ್ರೂ ಒಂದು ಕವರ್ ಹಾಕಿಡ್ರೀ” ಎಂದಳು.

“ಯಾರ ಸಲುವಾಗಿ?” ಎಂದೆ.