ತೂಗುದೀಪದ ಕೆಳಗಿಟ್ಟ ಮೊದಲ ಸಂಬಳ

ಕಾನ್ವೆಂಟಿನಲ್ಲಿ ಟೈಪಿಂಗ್ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಬೆನ್ನ ಹಿಂದೆ ನಡೆದಾಡುತ್ತ, "ಆಕ್ಯುರಸಿ ಫಸ್ಟ್, ಗರ್ಲ್ಸ್. ಸ್ಪೀಡ್ ತಾನಾಗಿ ಬರ್ತದೆ" ಎನ್ನುತ್ತಿದ್ದರು. ಚಮಚ ಹಿಡಿಯುವುದನ್ನು, ಅರ್ಜಿಯ ಕೊನೆಗೆ 'ಯುವರ್ಸ್ ಫೇಯ್ತ್‌ಫುಲಿ' ಬರೆಯುವುದನ್ನು ಕಲಿಸಿದರು. ಸಂಬಳ ಯಾರ ಕೈಗೆ ಬರುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ದುಡಿದವರ ಕೈಗೇ ಬರುತ್ತದೆ ಎಂದು ಅವರೂ ನಂಬಿದ್ದರೇನೋ, ಪಾಪ.

ಕೊಡಗು ಆಗ ತನ್ನದೇ ಒಂದು ಪುಟ್ಟ ರಾಜ್ಯ. ಅಮ್ಮತ್ತಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನ ಆಫೀಸಿನಲ್ಲಿ ನನಗೆ ಟೈಪಿಸ್ಟ್ ಕೆಲಸ ಸಿಕ್ಕಿತು. ನಮ್ಮ ಒಕ್ಕದಲ್ಲಿ, ಎಂದರೆ ಒಂದೇ ದೀಪಕ್ಕೆ ಕೈಮುಗಿಯುವ ಆ ದೊಡ್ಡ ಕುಟುಂಬದಲ್ಲಿ, ಸಂಬಳಕ್ಕೆ ಹೋದ ಮೊದಲ ಹೆಣ್ಣು ನಾನು. ಅಪ್ಪ ತೀರಿಕೊಂಡ ಮೇಲೆ ಅವ್ವನ ಸೊಂಟದ ಬೀಗದಕೈ ದೊಡ್ಡಮ್ಮನ ಸೊಂಟಕ್ಕೆ ಹೋಗಿತ್ತು. ಅವ್ವನ ಚಾಪೆ ಭತ್ತ ತುಂಬಿಡುವ ಪತ್ತಾಯದ ಪಕ್ಕದ ಕತ್ತಲೆ ಕೋಣೆಗೆ ಹೋಗಿತ್ತು. ಎಲ್ಲರೂ ಉಂಡೆದ್ದ ಮೇಲೆ ಅವಳ ಊಟ.

ನನ್ನದು ಒಂದೇ ಪ್ಲ್ಯಾನ್. ಪೇಟೆಯಲ್ಲಿ ಒಬ್ಬ ಕ್ರಿಶ್ಚಿಯನ್ ಮುದುಕಿಯ ಮನೆಯ ಹಿಂದೆ ಒಂದು ಕೋಣೆ ಖಾಲಿ ಇತ್ತು. ಮೊದಲ ಸಂಬಳದಲ್ಲಿ ಅಡ್ವಾನ್ಸ್ ಕೊಡುವುದು, ಅವ್ವನನ್ನು ಅಲ್ಲಿಗೆ ಕರೆತರುವುದು. "ನಿನ್ನ ಸಂಬಳದ ತನಕ ಕಾಯ್ತೇನೆ ಮಗಾ. ಆಮೇಲೆ ಕೇಳಿದವರಿಗೆ ಕೊಡೋದೇ" ಎಂದು ಆಕೆ ಹೇಳಿದ್ದರು.

ಆ ಶನಿವಾರ ಕವರ್ ಹಿಡಿದು ನೇರ ಹಿತ್ತಲಿಗೆ ಹೋದೆ. "ಅವ್ವ, ಬಟ್ಟೆ ಗಂಟು ಕಟ್ಟು. ನಾಳೆ ಹೋಗುವ."

ಅವಳು ಕೈ ಒರೆಸಿಕೊಂಡು ಕವರನ್ನು ಕಣ್ಣಿಗೊತ್ತಿಕೊಂಡಳು. "ಮೊದ್ಲು ದೀಪದ ಕೆಳಗೆ ಇಡು. ದೀಪಕ್ಕೆ ತೋರಿಸದ್ದು ಕೈಯಲ್ಲಿ ನಿಲ್ಲೋದಿಲ್ಲ."

ನಡುಮನೆಯ ತೂಗುದೀಪದ ಕೆಳಗೆ ಇಟ್ಟದ್ದನ್ನು ಒಕ್ಕದ ಯಜಮಾನ ಬಿಟ್ಟು ಬೇರಾರೂ ಎತ್ತುವಂತಿಲ್ಲ. ಯಜಮಾನರು ದೊಡ್ಡಪ್ಪ. ನಾನು ಅನುಮಾನಿಸಿದೆ.

"ನನ್ನ ಅಣ್ಣ ಮಿಲಿಟರಿಯ ಮೊದಲ ಸಂಬಳ ತಂದಾಗ ಹೀಗೇ ಇಟ್ಟ," ಎಂದಳು ಅವ್ವ. "ಹಿರಿಯರು ಎತ್ತಿ, ದೀಪಕ್ಕೆ ಅಂತ ಒಂದೇ ಒಂದು ರೂಪಾಯಿ ಇಟ್ಕೊಂಡು, ಉಳಿದದ್ದನ್ನ ಅವನ ಕೈಗೇ ಕೊಟ್ರು."

"ಅದು ನಿನ್ನ ತವರು, ಅವ್ವ."

"ದೀಪ ಎಲ್ಲ ಮನೇಲೂ ದೀಪವೇ ಅಲ್ವಾ?"

ಇಟ್ಟೆ. ದೊಡ್ಡಪ್ಪನ ಕಾಲು ಮುಟ್ಟಿ ಎದ್ದು, ಎರಡೂ ಕೈ ಚಾಚಿ ನಿಂತೆ. ಅವರು ಕವರನ್ನು ಎತ್ತಿ ಕೋಟಿನ ಒಳಜೇಬಿಗೆ ಇಳಿಸಿದರು. "ಒಳ್ಳೇದಾಗ್ಲಿ. ಒಕ್ಕದ ಹೆಸರು ಉಳಿಸಿದೆ."

ಬಾಗಿಲ ಮರೆಯಿಂದ ಅವ್ವ, "ಬಾವ, ಅದು ಮಗುವಿನ ಕೈಗೆ..." ಎಂದಳು.

"ಮಗುವಿಗೆ ಎಂತಕ್ಕೆ? ಅನ್ನ ಬಟ್ಟೆ ಎಲ್ಲ ಈ ದೀಪವೇ ಕೊಡ್ತದಲ್ಲ."

ಒಳಗಿನಿಂದ ದೊಡ್ಡಮ್ಮ ನಕ್ಕರು. "ಕಾನ್ವೆಂಟ್ ಮಿಸ್ಸಮ್ಮನಿಗೆ ಲಿಪ್‌ಸ್ಟಿಕ್ ಬೇಕೇನೋ, ಕೇಳಿ!"

ನನ್ನ ಕೈಗಳು ಚಾಚಿಕೊಂಡೇ ಇದ್ದವು. ಇಳಿಸಬೇಕೆಂದು ತೋಚಲು ಸ್ವಲ್ಪ ಹೊತ್ತು ಬೇಕಾಯಿತು.

ಮುಂದಿನ ಸಂಬಳದ ದಿನ ದೊಡ್ಡಪ್ಪ ತಾವೇ ಎಸ್ಟೇಟಿಗೆ ಬಂದರು. ಕೂಲಿ ಹಂಚುವ ಹಿರಿಯ ರೈಟರ್ ಅವರಿಗೆ ಕುರ್ಚಿ ಹಾಕಿ, ನನ್ನ ಕವರನ್ನು ಅವರ ಕೈಗಿಟ್ಟರು.

"ಇದು ನನ್ನ ಸ್ಯಾಲರಿ ಸರ್," ಎಂದೆ.

"ಯಾರು ಇಲ್ಲ ಅಂದ್ರು ಮಿಸ್ಸಿ? ಕೂಲಿ ಲೈನಿನ ಹೆಂಗಸರದ್ದೂ ಗಂಡನ ಕೈಗೇ ಕೊಡೋದು. ಇಲ್ಲಿ ಮೊದಲಿಂದ ಹಾಗೇ."

ಕಿಟಕಿಯಾಚೆ ಕೂಲಿಗೆ ಸಾಲುಗಟ್ಟಿ ನಿಂತಿದ್ದ ಗಂಡಸರ ಹಿಂದೆ, ಕಾಫಿ ಹಣ್ಣು ಕೊಯ್ಯುವ ಒಬ್ಬ ಹೆಂಗಸು ಮಗುವನ್ನು ಸೊಂಟಕ್ಕೇರಿಸಿಕೊಂಡು ನಗುತ್ತಿದ್ದಳು. "ಏನಮ್ಮಾ, ಅಷ್ಟು ಇಂಗ್ಲಿಷ್ ಕಲ್ತು ನಮ್ಮ ಜೊತೆಗೇ ಬಂದ್ರಲ್ಲ! ಬನ್ನಿ, ಜಾಗ ಉಂಟು." ತಮಾಷೆಗೆ ಅಂದಳು. ನನಗೂ ನಗು ಬಂತು, ಆಮೇಲೆ ಅಳು.

ಪೇಟೆಯ ಕೋಣೆಗೆ ಅಷ್ಟರಲ್ಲಿ ಬೇರೆ ಯಾರೋ ಬಂದಿದ್ದರು.

ಎಸ್ಟೇಟ್ ಬಿಟ್ಟು ಮಡಿಕೇರಿಯ ಒಂದು ಶಾಲೆಗೆ ಸೇರುವ ಹೊತ್ತಿಗೆ ವರ್ಷಗಳು ಕಳೆದಿದ್ದವು. ಹೆಡ್‌ಮಿಸ್ಟ್ರೆಸ್ ಹತ್ತಿರ ನಾನು ಕೇಳಿದ ಮೊದಲ ಪ್ರಶ್ನೆ, "ಮೇಡಂ, ಹೂ ರಿಸೀವ್ಸ್ ಮೈ ಸ್ಯಾಲರಿ?" ಆಕೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಯೂ ಡೂ, ಮೈ ಡಿಯರ್. ಹೂ ಎಲ್ಸ್?" ಮೊದಲ ಸಂಬಳ ಬಂದ ದಿನವೇ ಪೋಸ್ಟ್ ಆಫೀಸಿಗೆ ಹೋಗಿ ನನ್ನ ಹೆಸರಿನಲ್ಲಿ ಒಂದು ಖಾತೆ ತೆರೆದೆ. ಈಗ ನೆಂಟರ ಹೆಣ್ಣುಮಕ್ಕಳು ಕೆಲಸ ಸಿಕ್ಕಿತೆಂದು ಸ್ವೀಟ್ ಹಿಡಿದು ಬಂದರೆ, ನಾನು ಕೇಳುವುದು ಸಂಬಳ ಎಷ್ಟೆಂದಲ್ಲ. ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ ಎಂದು. "ಪಪ್ಪನ ಹತ್ರ ಅಜ್ಜಿ, ಸೇಫ್ ಆಗಿರ್ಲಿ ಅಂತ," ಎನ್ನುವವರು ಇವತ್ತಿಗೂ ಇದ್ದಾರೆ. ತಂದ ಸ್ವೀಟನ್ನು ಹಾಗೇ ಪಕ್ಕಕ್ಕೆ ಇಡುತ್ತೇನೆ.

ಶಾಲೆಗೆ ಸೇರಿದ ಆ ವರ್ಷವೇ ಮಡಿಕೇರಿಯಲ್ಲಿ ಕೋಣೆ ಹಿಡಿದು ಎರಡು ಮಂಚ ಹಾಕಿಸಿ ಅವ್ವನನ್ನು ಕರೆಯಲು ಹೋದೆ. ಅವಳು ಪತ್ತಾಯಕ್ಕೆ ಒರಗಿ ಕೂತಿದ್ದಳು, ಬಹಳ ಸಣ್ಣಗಾಗಿದ್ದಳು.

"ಆ ಕವರನ್ನ ನಿನ್ನ ಕೈಲಿ ದೀಪದ ಕೆಳಗೆ ಇಡಿಸಿದವಳು ನಾನು. ಅದು ನಿನ್ನ ಕೈಗೆ ಬರದೆ ನಾನು ಈ ಹೊಸ್ತಿಲು ದಾಟೋದಿಲ್ಲ."

"ಅದು ಹೋಯ್ತು ಅವ್ವ. ಈಗ ನನ್ನ ಹತ್ರ ಬೇರೆ ಉಂಟು."

"ಅದು ಬೇರೆ. ಇದು ದೀಪ ನೋಡಿದ್ದು."

ಎಷ್ಟು ಬೇಡಿದರೂ ಏಳಲಿಲ್ಲ. ದೊಡ್ಡಪ್ಪನನ್ನು ಕೇಳಿದೆ, ನಾಚಿಕೆ ಬಿಟ್ಟು ಕೇಳಿದೆ. "ಯಾವ ಕವರ್?" ಎಂದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

ಮುಂದಿನ ಸುಗ್ಗಿಯ ಹಬ್ಬ ಪುತ್ತರಿಗೆ ಮೊದಲೇ ಅವ್ವ ಹೋದಳು. ನಾನು ತಲುಪುವಷ್ಟರಲ್ಲಿ ಅವಳನ್ನು ನಡುಮನೆಗೆ ತಂದು ತೂಗುದೀಪದ ಕೆಳಗೆ ಮಲಗಿಸಿದ್ದರು. ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಅವಳಿಗೆ ನಡುಮನೆಯ ಜಾಗ ಸಿಕ್ಕಿದ್ದು ಆವತ್ತೇ. ದೊಡ್ಡಪ್ಪ ಎಣ್ಣೆ ಹೊಯ್ದು ಬತ್ತಿ ಸರಿಮಾಡುತ್ತಿದ್ದರು.

ಮಡಿಕೇರಿಯ ಆ ಇನ್ನೊಂದು ಮಂಚವನ್ನು ಬಹಳ ದಿನ ಹಾಗೇ ಬಿಟ್ಟಿದ್ದೆ. ಕೊನೆಗೆ ಅದರ ಮೇಲೆ ಟ್ರಂಕ್ ಇಟ್ಟೆ.